ಹೊಳವಿನ ದಿನ ಬೆವರುವ ಕಬ್ಬಿಣ

ಎಂಟು ದಿನ ಜಡಿಮಳೆ ಹಿಡಿದು ಒಂಬತ್ತನೆಯ ದಿನ ಹೊಳವಾದರೆ ಮಲೆನಾಡಿನ ಮನೆಗಳು ಅಂಗಳಕ್ಕೆ ಬರುತ್ತವೆ. ಒದ್ದೆ ಬಟ್ಟೆ ಹೊರಗೆ, ಹಾಸಿಗೆ ಹೊರಗೆ, ಹಪ್ಪಳದ ಡಬ್ಬಿಯೂ ಹೊರಗೆ. ಹಿತ್ತಿಲ ಶೆಡ್ಡಿನಲ್ಲಿ ಲೋಹ ಕಡೆಯುವ ಲೇತ್ ಇಟ್ಟುಕೊಂಡವನು ಮಾತ್ರ ಆ ಬೆಳಗ್ಗೆ ಶೆಡ್ಡಿನ ಬಾಗಿಲು ತೆರೆಯುವುದಿಲ್ಲ.

ಹೊಸಬ ತೆರೆಯುತ್ತಾನೆ. ಗಾಳಿಯಾಡಲಿ ಎಂದು ಕಿಟಕಿಗಳನ್ನೂ ತೆಗೆದಿಡುತ್ತಾನೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಲೇತಿನ ಉದ್ದನೆಯ ಹಾಸಿನ, ಅಂದರೆ ಬೆಡ್ಡಿನ ಮೇಲೆ ಸೂಜಿಮೊನೆಯಂಥ ಹನಿಗಳು. ಮರುದಿನ ಅದೇ ಜಾಗದಲ್ಲಿ ಕಂದು ಚುಕ್ಕೆಗಳು. ಹೆಂಚು ಸೋರಿಲ್ಲ, ಇರಚಲು ಬಡಿದಿಲ್ಲ. ಕಬ್ಬಿಣವೇ ಬೆವರಿದೆ.

ತಣ್ಣೀರು ತುಂಬಿದ ಚೊಂಬಿನ ಹೊರಮೈ ಒದ್ದೆಯಾಗುವ ಲೆಕ್ಕವೇ ಇದು. ನೂರಾರು ಕಿಲೋ ತೂಗುವ ಬೀಡಿನ ಮೈ ಬಿಸಿಯಾಗುವುದು ಬಲು ನಿಧಾನ. ಬಿಸಿಲು ಬಿದ್ದ ಕೂಡಲೇ ಗಾಳಿ 27 ಡಿಗ್ರಿಗೇರಿದರೂ ಲೇತ್ ಇನ್ನೂ ರಾತ್ರಿಯ 22 ಡಿಗ್ರಿಯಲ್ಲೇ ಇರುತ್ತದೆ. ಆ ಗಾಳಿಯಲ್ಲಿ ತೇವಾಂಶ ಶೇ 85ರಷ್ಟಿದ್ದರೆ, 24 ಡಿಗ್ರಿಗಿಂತ ತಣ್ಣಗಿರುವ ಯಾವುದರ ಮೇಲೂ ಇಬ್ಬನಿ ಕೂರುತ್ತದೆ. ಹಾಗಾಗಿ ಪಳಗಿದವನು ಬಾಗಿಲು ಮುಚ್ಚಿಟ್ಟು ಕಾಯುತ್ತಾನೆ. ಹೊರಗಿನ ಗಾಳಿಯನ್ನು ಒಳಬಿಡುವ ಮುಂಚೆ ಬೆಡ್ಡಿನ ಮೇಲೆ ಅಂಗೈಯ ಹಿಂಬದಿಯನ್ನಿಟ್ಟು ನೋಡುತ್ತಾನೆ. ಅಂಗೈ ಇಡುವುದಿಲ್ಲ; ಬೆವರಿನ ಉಪ್ಪು ಬೆರಳಚ್ಚಿನಷ್ಟೇ ಸ್ಪಷ್ಟವಾದ ತುಕ್ಕು ಬರೆಯಬಲ್ಲದು.

ಹನಿ ಕಾಣದಿದ್ದರೂ ತುಕ್ಕು ಬರುತ್ತದೆ. ತೇವಾಂಶ ಶೇ 60 ದಾಟಿತೆಂದರೆ ಕಣ್ಣಿಗೆ ಬೀಳದ ನೀರಿನ ಪೊರೆಯೊಂದು ಕೆಲಸ ಶುರುಮಾಡಬಹುದು. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯ ಸುತ್ತಮುತ್ತ ಶೇ 60 ಎನ್ನುವುದು ಬೇಸಿಗೆಯ ನೆನಪು. ಅದಕ್ಕೇ ಲೇತಿನ ಹೊದಿಕೆಯೊಳಗೊಂದು 40 ವ್ಯಾಟಿನ ಬಲ್ಬು, ಬಟ್ಟೆಗೆ ತಾಗದಂತೆ. 22 ಡಿಗ್ರಿಯಲ್ಲಿ ಶೇ 95 ತೇವವಿರುವ ಗಾಳಿಯನ್ನು ಐದು ಡಿಗ್ರಿ ಬೆಚ್ಚಗೆ ಮಾಡಿದರೆ ತೇವಾಂಶ ಶೇ 70ಕ್ಕೆ ಇಳಿಯುತ್ತದೆ. ಹೊದಿಕೆ ಹತ್ತಿಯದಿರಬೇಕು. ಪ್ಲಾಸ್ಟಿಕ್ ಹಾಳೆ ತೇವವನ್ನು ಒಳಗೇ ಕಟ್ಟಿಹಾಕುತ್ತದೆ.

ಕರೆಂಟು ಹೋದರೆ ಬಲ್ಬಿಲ್ಲ. ಮಳೆಗಾಲದಲ್ಲಿ ಅದು ಹೋಗಿಯೇ ಹೋಗುತ್ತದೆ. ಆಗ ಕಾಯುವುದು ಜಿಡ್ಡು.

ಸ್ಯಾನ್ ಡಿಯಾಗೋದಲ್ಲಿ 1953ರಲ್ಲಿ ಹುಟ್ಟಿದ ಡಬ್ಲ್ಯೂಡಿ-40ರ ಹೆಸರಿನಲ್ಲೇ ಅದರ ಕೆಲಸವಿದೆ: ನೀರನ್ನು ಪಕ್ಕಕ್ಕೆ ತಳ್ಳುವ ಮಿಶ್ರಣ, ನಲವತ್ತನೆಯ ಪ್ರಯತ್ನ. ಲೋಹದ ತುಂಡನ್ನು ಹಿಡಿಯುವ ಚಕ್ಕು ಒದ್ದೆಯಾದರೆ ಅದಕ್ಕೆ ಈ ಮಿಶ್ರಣ ಒಳ್ಳೆಯದು. ಆದರೆ ತೆಳ್ಳಗಿನ ಆ ಪೊರೆ ಇಡೀ ಮಳೆಗಾಲ ನಿಲ್ಲುವುದಿಲ್ಲ. ಅಡುಗೆ ಎಣ್ಣೆ ಒಣಗಿ ಅಂಟಾಗುತ್ತದೆ. ದಿನಬಳಕೆಗೆ ಸ್ಲೈಡ್‌ವೇ ಆಯಿಲ್ಲೇ ಸರಿ. ತಿಂಗಳುಗಟ್ಟಲೆ ಮುಟ್ಟದ ಭಾಗಗಳಿಗೆ ಲ್ಯಾನೊಲಿನ್, ಅಂದರೆ ಕುರಿಯ ಉಣ್ಣೆಯ ಜಿಡ್ಡು. ಮಳೆಯಲ್ಲಿ ಕುರಿಯ ಮೈಗೆ ನೀರಿಳಿಯದಂತೆ ತಡೆಯುವುದು ಅದೇ. ಕಂಬಳಿಕೊಪ್ಪೆ ಹಾಕಿಕೊಂಡು ನಾಟಿಗಿಳಿದ ಹಿರಿಯರಿಗೆ ಉಣ್ಣೆಯ ಈ ಗುಣ ಹೊಸತಲ್ಲ.

ಸಂಜೆ ಕೆಲಸ ಮುಗಿದ ಮೇಲಿನ ಹತ್ತು ನಿಮಿಷ ಪಳಗಿದವನಿಗೆ ಅಚ್ಚುಮೆಚ್ಚು. ಬ್ರಷ್ಷಿನಿಂದ ಲೋಹದ ಸುರುಳಿಗಳನ್ನು ಗುಡಿಸಿ, ಚಕ್ಕಿನ ದವಡೆಗಳ ಸಂದಿ ಒರೆಸಿ, ಟೇಲ್‌ಸ್ಟಾಕನ್ನು ಸರಿಸಿ ಅದರಡಿಯಲ್ಲಿ ನಿಂತ ಕೂಲೆಂಟಿನ ನೀರನ್ನು ಹಳೇ ಬನಿಯನ್ ಚೂರಿನಿಂದ ಹೀರುತ್ತಾನೆ. ಆಮೇಲೆ ಎಣ್ಣೆ. ಕ್ಯಾರೇಜನ್ನು ಈ ತುದಿಯಿಂದ ಆ ತುದಿಗೆ ಒಮ್ಮೆ ಓಡಿಸಿದರೆ ಬೆಡ್ಡು ದೀಪದ ಬೆಳಕನ್ನು ಉದ್ದಕ್ಕೂ ಎಳೆದುಕೊಂಡು ಹೊಳೆಯುತ್ತದೆ. ಟಾಯ್ಲೆಟ್ ತೊಳೆಯುವ ಆಸಿಡ್ ಬಾಟಲಿಗೆ ಆ ಶೆಡ್ಡಿನಲ್ಲಿ ಜಾಗವಿಲ್ಲ. ಮುಚ್ಚಳ ಸಡಿಲವಾದರೆ ಅದರ ಹಬೆಯೇ ಉಕ್ಕನ್ನು ಕೆಂಪಾಗಿಸುತ್ತದೆ.

ಆಯುಧಪೂಜೆಯ ಹೊತ್ತಿಗೆ ಮಳೆ ಹಿಂದೆಗೆದಿರುತ್ತದೆ. ಲೇತಿಗೆ ಸೇವಂತಿಗೆ ಹಾರ. ಕುಂಕುಮ, ಬಣ್ಣ ಬಳಿದ ಭಾಗಕ್ಕೆ ಮಾತ್ರ. ಹೋಳು ಮಾಡಿದ ನಿಂಬೆಹಣ್ಣನ್ನು ಅವನು ಲೇತಿನ ಕಾಲಬುಡದಲ್ಲಿಡುತ್ತಾನೆ, ಹುಳಿ ಬೆಡ್ಡಿಗೆ ಬಿದ್ದರೆ ಕಲೆ ಕಚ್ಚುತ್ತದೆಂದು. ಮಂಗಳಾರತಿಯಾದ ಮೇಲೆ ಉದುರಿದ ಎಸಳುಗಳನ್ನು ಆಯ್ದು, ತೆಳ್ಳಗೆ ಎಣ್ಣೆ ಸವರಿ, ಬಲ್ಬು ಆರಿಸಿ, ಶೆಡ್ಡಿನ ಎರಡೂ ಕಿಟಕಿಗಳನ್ನು ಬಿಸಿಲಿಗೆ ತೆರೆದಿಡುತ್ತಾನೆ.