ಕೂಸು ಹುಟ್ಟುವ ಮುಂಚೆ ಕುಲಾವಿ

ನಮ್ಮ ನಡುಮನೆಯ ಬಾಗಿಲ ಹಿಂದೆ ಹದಿನೈದು ದಿನದಿಂದ ಒಂದು ನೀಲಿ ಚೀಲ ಕೂತಿದೆ. ಮನೆಗೆ ಬಂದವರು "ಎಲ್ಲಿಗ್ರೀ ಪ್ರಯಾಣ?" ಅಂತ ಕೇಳುತ್ತಾರೆ. "ನಮಗಲ್ಲ, ಮಗಳಿಗೆ. ಆಸ್ಪತ್ರೆಗೆ" ಅಂದ ಕೂಡಲೇ ಹಿರಿಯರ ಮುಖ ಸ್ವಲ್ಪ ಬಿಗಿಯಾಗುತ್ತದೆ. ಮೊನ್ನೆ ಹಿಂದಿನ ಬೀದಿಯ ಅಜ್ಜಿಯೊಬ್ಬರು ಕಾಫಿ ಲೋಟ ಕೆಳಗಿಟ್ಟು ಹೇಳಿಯೇಬಿಟ್ಟರು: "ಇನ್ನೂ ದಿನ ಇದೆಯಲ್ಲೇ. ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದ ಹಾಗಾಯ್ತು!"

ಈ ಗಾದೆ ನಿಮಗೂ ಗೊತ್ತಿರುವುದೇ. ಆತುರಗೇಡಿಗಳನ್ನು ನೋಡಿ ನಗುವುದಕ್ಕೆ ನಾವೆಲ್ಲ ಅದನ್ನು ಬಳಸುತ್ತೇವೆ. ಆದರೆ ಅಜ್ಜಿ ನಗಲಿಲ್ಲ. ನನಗೂ ನಗು ಬರಲಿಲ್ಲ. ಯಾಕೆಂದರೆ ಆ ಚೀಲದ ತಳದಲ್ಲಿ ನಿಜವಾಗಿಯೂ ಒಂದು ಕುಲಾವಿ ಇದೆ. ಅದರ ಕಥೆಯನ್ನೇ ಇವತ್ತು ನಿಮಗೆ ಹೇಳಬೇಕೆಂದು ಕೂತಿದ್ದೇನೆ.

1986ರ ಮಾತು. ನನಗೆ ಚೊಚ್ಚಲು. ಏಳು ತಿಂಗಳಿಗೆ ಸೀಮಂತ ಮುಗಿಸಿ, ಕೈತುಂಬ ಹಸಿರು ಬಳೆ ತೊಟ್ಟು ತವರಿಗೆ ಬಂದಿದ್ದೆ. ನಮ್ಮ ತವರು ಮಲೆನಾಡಿನ ಅಂಚಿನ ಹಳ್ಳಿ. ಜಿಲ್ಲಾ ಆಸ್ಪತ್ರೆಗೆ ಹದಿನಾಲ್ಕು ಕಿಲೋಮೀಟರು. ನಮ್ಮಮ್ಮ ಎಂಥ ಅಚ್ಚುಕಟ್ಟಿನ ಹೆಂಗಸು ಅಂತೀರಿ! ಚೈತ್ರದಲ್ಲೇ ಮಳೆಗಾಲದ ಹಪ್ಪಳ, ಸಂಡಿಗೆ, ಸೌದೆ ಎಲ್ಲ ಅಟ್ಟ ಸೇರಿರುತ್ತಿತ್ತು. ಅಂಥವಳು ನನ್ನ ಹೆರಿಗೆಯ ವಿಷಯಕ್ಕೆ ಮಾತ್ರ ಒಂದು ಕಡ್ಡಿಯನ್ನೂ ಎತ್ತಿಡಲಿಲ್ಲ. ತೊಟ್ಟಿಲನ್ನು ಅಟ್ಟದಿಂದ ಇಳಿಸಲಿಲ್ಲ. "ಹಳೇ ಪಂಚೆ ನಾಲ್ಕು ಹರಿದು, ಒಗೆದು ಇಡಲಾ ಅಮ್ಮ?" ಎಂದು ನಾನು ಕೇಳಿದರೆ, "ಸುಮ್ನಿರೇ. ಅದಕ್ಕೆಲ್ಲ ಹೊತ್ತು ಬರುತ್ತೆ" ಅಂತ ಗದರುತ್ತಿದ್ದಳು. ದೃಷ್ಟಿಗೆ ಹೆದರುತ್ತಾಳೆ, ಹಳೇ ಕಾಲದವಳು ಎಂದು ನಾನು ಒಳಗೊಳಗೇ ನಕ್ಕಿದ್ದೆ.

ಹೊತ್ತು ಬಂತು, ಮೂರು ವಾರ ಮೊದಲೇ. ಆಷಾಢದ ಮಳೆ, ರಾತ್ರಿ ಒಂದು ಗಂಟೆ, ಕರೆಂಟಿಲ್ಲ. ನೀರು ಒಡೆಯಿತು. ಅಪ್ಪ ಅಕ್ಕಿ ಗಿರಣಿಯವರ ಜೀಪು ಕೇಳಲು ಓಡಿದರು. ಅಮ್ಮ ಲಾಟೀನು ಹಿಡಿದು ಕೋಣೆಯಿಂದ ಕೋಣೆಗೆ ಓಡಾಡಿದಳು. ಏನು ತೆಗೆದುಕೊಳ್ಳಬೇಕೋ ಅವಳಿಗೇ ತೋಚಲಿಲ್ಲ. ಕೊನೆಗೆ ನಾವು ಹೊರಟಿದ್ದು ಒಂದು ಕಂಬಳಿ, ಒಂದು ಟವೆಲು, ದೇವರ ಕುಂಕುಮದ ಪೊಟ್ಟಣ ಇಷ್ಟರಲ್ಲೇ. ಪರೀಕ್ಷೆಗೆ ಹೋದಾಗಲೆಲ್ಲ ಡಾಕ್ಟರಮ್ಮ ಬರೆದುಕೊಡುತ್ತಿದ್ದ ಚೀಟಿ ದೇವರ ಗೂಡಿನ ಪಕ್ಕ, ಪಂಚಾಂಗದ ಒಳಗೇ ಉಳಿಯಿತು.

ಬೆಳಗಿನ ಜಾವ ಐದೂವರೆಗೆ ಗಂಡು ಮಗು. ಅಳು ಕೇಳಿಸಿತು, ಸಮಾಧಾನವಾಯಿತು. ನನ್ನ ತಮ್ಮ ಆಗ ಕಾಲೇಜು ಹುಡುಗ. ಉಡಿಸಲು ಸೀರೆಯಿಲ್ಲ, ಕೂಸಿಗೆ ಬಟ್ಟೆಯಿಲ್ಲ, ಬಿಸಿನೀರಿಗೆ ಫ್ಲಾಸ್ಕಿಲ್ಲ ಅಂತ ಅಮ್ಮ ಅವನನ್ನು ಅದೇ ಜೀಪಿನಲ್ಲಿ ಮನೆಗೆ ಅಟ್ಟಿದಳು. ಅವನು ಹೋಗಿ ಸ್ವಲ್ಪ ಹೊತ್ತಿಗೆ ನನಗೆ ರಕ್ತಸ್ರಾವ ಶುರುವಾಯಿತು. ಕಾಲು ತಣ್ಣಗಾಗಿದ್ದು, ಯಾರೋ ಹೊಟ್ಟೆಯನ್ನು ಒತ್ತಿ ಒತ್ತಿ ಹಿಡಿಯುತ್ತಿದ್ದುದು, ಅಮ್ಮನ ಧ್ವನಿ ಬಾವಿಯೊಳಗಿಂದ ಬಂದಂತೆ ಕೇಳಿಸಿದ್ದು ನೆನಪಿದೆ. ಉಳಿದದ್ದು ಆಮೇಲೆ ಅವರಿವರು ಹೇಳಿದ್ದು.

ರಕ್ತ ಕೊಡಲೇಬೇಕೆಂದರು. ಪರೀಕ್ಷೆ ಮಾಡಿದರೆ ನನ್ನದು ಒ ನೆಗೆಟಿವ್. ಆ ಗುಂಪಿನವರಿಗೆ ಅದೇ ಗುಂಪಿನ ರಕ್ತವೇ ಆಗಬೇಕು, ಬೇರೆ ಹೊಂದುವುದಿಲ್ಲ. ಆ ದಿನ ಅಲ್ಲಿ ಅದಿರಲಿಲ್ಲ. ಅಪ್ಪನದು ಹೊಂದಲಿಲ್ಲ, ಅಮ್ಮನದು ಹೊಂದಲಿಲ್ಲ. ನಮ್ಮವರು ಹುಬ್ಬಳ್ಳಿಯಲ್ಲಿ, ತಂತಿ ಕೊಟ್ಟರೂ ಸಂಜೆಯೊಳಗೆ ತಲುಪುವ ಹಾಗಿಲ್ಲ. ಅಪ್ಪ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಕಂಡಕಂಡವರ ಕೈ ಹಿಡಿದು ಕೇಳಿದರಂತೆ. ಜನ್ಮದಲ್ಲಿ ಯಾರ ಮುಂದೂ ಕೈಚಾಚದ ಮನುಷ್ಯ ನಮ್ಮಪ್ಪ.

ಎಂಟೂವರೆಗೆ ತಮ್ಮ ಬಟ್ಟೆಯ ಗಂಟು ಹೊತ್ತು, ತೊಯ್ದು ತೊಪ್ಪೆಯಾಗಿ ಬಂದ. ವಿಷಯ ಕೇಳಿದವನೇ, "ಒ ನೆಗೆಟಿವ್ವಾ? ಮಾವನದ್ದೂ ಅದೇ ಅಲ್ವಾ!" ಅಂದ. ನಮ್ಮ ಸೋದರಮಾವ ಒಮ್ಮೆ ರಕ್ತ ಕೊಟ್ಟುಬಂದು, "ನನ್ನದು ಅಪರೂಪದ ರಕ್ತ ಕಣೋ" ಅಂತ ಅವನ ಮುಂದೆ ಜಂಬ ಕೊಚ್ಚಿಕೊಂಡಿದ್ದರಂತೆ. ಆ ಮಾವ ಇದ್ದದ್ದು ಎಲ್ಲಿ ಅಂತೀರಿ? ಆಸ್ಪತ್ರೆಯಿಂದ ಮೂರನೆಯ ಬೀದಿಯಲ್ಲಿ! ಹತ್ತು ನಿಮಿಷಕ್ಕೆ ಮಾವ ಚಪ್ಪಲಿಯನ್ನೂ ಮೆಟ್ಟದೆ ಓಡಿಬಂದರು. ನಾನು ಉಳಿದೆ.

ತಮ್ಮ ತಂದ ಗಂಟಿನಲ್ಲಿ ಸೀರೆ, ಫ್ಲಾಸ್ಕಿನ ಜೊತೆ ಆ ಪಂಚಾಂಗದೊಳಗಿನ ಚೀಟಿಯೂ ಇತ್ತು. ಅದರಲ್ಲಿ ಐದನೆಯ ತಿಂಗಳಲ್ಲೇ ಸ್ಪಷ್ಟವಾಗಿ ಬರೆದಿತ್ತು, ಒ ನೆಗೆಟಿವ್ ಅಂತ. ಮೂರು ತಿಂಗಳು ದೇವರ ಪಕ್ಕದಲ್ಲೇ ಇದ್ದ ಚೀಟಿ. ನಾನು ಎಸ್ಸೆಸ್ಸೆಲ್ಸಿ ಓದಿದವಳು. ಒಂದು ಸಲವೂ ತೆರೆದು ಓದಿರಲಿಲ್ಲ. ಮನೆಯಲ್ಲಿ ಒಮ್ಮೆ ಗಟ್ಟಿಯಾಗಿ ಓದಿದ್ದರೆ ತಮ್ಮ ಅವತ್ತೇ ಮಾವನ ಹೆಸರು ಹೇಳುತ್ತಿದ್ದ. ಒಂದು ಚೀಲ ಕಟ್ಟಿಟ್ಟಿದ್ದರೆ ಅವನು ಆ ಮೂರು ಗಂಟೆ ನನ್ನ ಹತ್ತಿರವೇ ಇರುತ್ತಿದ್ದ.

ಇನ್ನೊಂದು ಮಾತು. ಮಗುವಿನ ಗುಂಪು ಪಾಸಿಟಿವ್. ತಾಯಿ ನೆಗೆಟಿವ್, ಮಗು ಪಾಸಿಟಿವ್ ಆದರೆ ಹೆರಿಗೆಯಾದ 72 ಗಂಟೆಯೊಳಗೆ ತಾಯಿಗೆ ಆಂಟಿ-ಡಿ ಎಂಬ ಇಂಜೆಕ್ಷನ್ ಕೊಡಬೇಕು. ಇಲ್ಲದಿದ್ದರೆ ಮುಂದಿನ ಕೂಸಿಗೆ ಅಪಾಯ. ಡಾಕ್ಟರಮ್ಮ ಬರೆದುಕೊಟ್ಟರು, ನಮ್ಮವರು ಮಾರನೆಯ ದಿನ ಅಂಗಡಿಯಿಂದ ಅಂಗಡಿಗೆ ಅಲೆದು ತಂದರು. 1994ರಲ್ಲಿ ಮಗಳು ಗುಂಡುಗುಂಡಾಗಿ ಹುಟ್ಟಿದಳು. ಅವಳೇ ಈಗ ಎದುರಿಗೆ ಕೂತು ಮಾವಿನಕಾಯಿಗೆ ಉಪ್ಪು ಹಚ್ಚುತ್ತಿರುವವಳು.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ, ಒಂದು ಮಧ್ಯಾಹ್ನ ಅಮ್ಮ ತನ್ನ ಕಬ್ಬಿಣದ ಟ್ರಂಕು ತೆಗೆದಳು. ಮದುವೆಯ ಸೀರೆಯ ಕೆಳಗಿನಿಂದ ಒಂದು ಪುಟ್ಟ ಕುಲಾವಿ ತೆಗೆದು ನನ್ನ ತೊಡೆಯ ಮೇಲಿಟ್ಟಳು. ಬಿಳಿ ಬಟ್ಟೆ, ಹಳದಿಗೆ ತಿರುಗಿತ್ತು. ಅಂಚಿಗೆ ಕೆಂಪು ದಾರದ ಸಣ್ಣ ಹೂವು.

"ನಿನಗಿಂತ ಮುಂಚೆ ಒಂದಿತ್ತು. ಐವತ್ತೇಳನೇ ಇಸವಿ. ಎಂಟನೇ ತಿಂಗಳಲ್ಲಿ ಕೂತು ಇದನ್ನ ಹೊಲಿದಿದ್ದೆ. ಹುಟ್ಟಿ ಎರಡು ದಿನ ಇತ್ತು. ತಲೆಗೆ ಹಾಕೋಕೆ ಆಗಲಿಲ್ಲ" ಅಂದಳು. "ನಾನೇ ಹೊಲಿದು ಕೆಡಿಸಿದೆ ಅಂತ ಅತ್ತೆ ಅಂದ್ರು. ನಾನೂ ಹಾಗೇ ಅಂದ್ಕೊಂಡಿದ್ದೆ."

ಅಷ್ಟೇ ಹೇಳಿದ್ದು. ಇಪ್ಪತ್ತೊಂಬತ್ತು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಮಾತು. ಅಮ್ಮನ ಹೆದರಿಕೆಯನ್ನು ಕಂಡು ನಕ್ಕಿದ್ದೆನಲ್ಲ, ಆಗ ನನಗೆ ಎಷ್ಟು ನಾಚಿಕೆಯಾಯಿತೋ! ಕೂಸು ಹೋದದ್ದು ಕುಲಾವಿಯಿಂದಲ್ಲಮ್ಮ ಅಂತ ಹೇಳಿದೆ. ತಲೆಯಾಡಿಸಿದಳು. ನಂಬಿದಳೋ ಇಲ್ಲವೋ ತಿಳಿಯದು.

ಆದ್ದರಿಂದ ಓದುಗ ಸೋದರಿಯರೇ, ಚೀಲ ಕಟ್ಟಬೇಡ ಎನ್ನುವ ಅತ್ತೆಯನ್ನೋ ಅಜ್ಜಿಯನ್ನೋ ಗೊಡ್ಡು ಎಂದು ತಳ್ಳಬೇಡಿ. ಅವರ ಟ್ರಂಕಿನಲ್ಲೂ ಏನಾದರೂ ಇದ್ದೀತು. ಹತ್ತಿರ ಕೂತು ಕೇಳಿ. ಕೇಳಿಯಾದ ಮೇಲೆ ಚೀಲವನ್ನು ಮಾತ್ರ ಖಂಡಿತ ಕಟ್ಟಿ. ಎಂಟು ತಿಂಗಳು ತುಂಬುವುದರೊಳಗೆ ಕಟ್ಟಿಡಿ. ಕೂಸು ನಮ್ಮ ಪಂಚಾಂಗ ನೋಡಿ ಬರುವುದಿಲ್ಲ.

ನಾನು ಕಟ್ಟಿದ್ದು ಹೇಗೆ ಅಂತ ಹೇಳಿಬಿಡುತ್ತೇನೆ. ಮೊದಲು ಕಾಗದಪತ್ರ. ತಾಯಿ ಕಾರ್ಡು, ಸ್ಕ್ಯಾನಿಂಗ್ ಮತ್ತು ರಕ್ತಪರೀಕ್ಷೆಯ ವರದಿಗಳು, ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪಾಸ್‌ಬುಕ್ಕಿನ ಜೆರಾಕ್ಸ್, ಎಲ್ಲವೂ ಒಂದೇ ಪ್ಲಾಸ್ಟಿಕ್ ಕವರಿನಲ್ಲಿ, ಎಲ್ಲಕ್ಕಿಂತ ಮೇಲೆ. ಒಂದು ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಮಗಳ ರಕ್ತದ ಗುಂಪು, ಅದೇ ಗುಂಪಿನ ಇಬ್ಬರು ನೆಂಟರ ಹೆಸರು, ಫೋನ್ ನಂಬರು, ರಾತ್ರಿ ಕರೆದರೆ ಬರುವ ಆಟೋದವರ ನಂಬರು. ಮೊಬೈಲಿನಲ್ಲಿದೆಯಲ್ಲ ಅಂತ ಅಳಿಯ ನಕ್ಕರು. ಚಾರ್ಜು ಮುಗಿದರೆ? 108ರ ಆಂಬುಲೆನ್ಸ್ ನಮ್ಮ ರಾಜ್ಯಕ್ಕೆ ಬಂದದ್ದು 2008ರಲ್ಲಿ. ಅಕ್ಕಿ ಗಿರಣಿಯ ಬಾಗಿಲು ಬಡಿಯುವ ಕಾಲ ಹೋಯಿತು. ಆ ನಂಬರನ್ನು ಮನೆಯ ಮಕ್ಕಳಿಗೂ ಬಾಯಿಪಾಠ ಮಾಡಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್ ಆದರೂ ಸರಿ, ಔಷಧ, ರಕ್ತ, ಬಾಣಂತಿಯ ಊಟ, ಹೋಗಿಬರುವ ವಾಹನ ಇವೆಲ್ಲ ಉಚಿತವಾಗಿ ಸಿಗಬೇಕೆಂದು 2011ರಲ್ಲೇ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಬಂದಿದೆ. ಸಂಕೋಚಪಡದೆ ಕೇಳಿ. ಆದರೂ ಬಿಡಿ ನೋಟುಗಳು ಸ್ವಲ್ಪ ಕೈಯಲ್ಲಿರಲಿ.

ಆಮೇಲೆ ತಾಯಿಯ ಸಾಮಾನು. ಮುಂದೆ ಬಿಚ್ಚುವಂಥ ನೈಟಿ ಮೂರು, ಹಳೆಯ ಮೆತ್ತನೆ ಸೀರೆ ಎರಡು, ಒಳ ಉಡುಪು, ದೊಡ್ಡ ಪ್ಯಾಡುಗಳ ಎರಡು ಪೊಟ್ಟಣ, ಟವೆಲು, ಶಾಲು, ಜಾರದ ಚಪ್ಪಲಿ, ಸೋಪು, ಬಾಚಣಿಗೆ, ಹಲ್ಲುಜ್ಜುವ ಬ್ರಷ್ಷು. ಫ್ಲಾಸ್ಕು, ಸ್ಟೀಲಿನ ಲೋಟ, ತಟ್ಟೆ, ಚಮಚ. ಬಂಗಾರ ಮನೆಯಲ್ಲೇ ಇರಲಿ. ಗಾಜಿನ ಬಳೆ ತೆಗೆಸಿದರೆ ಹುಡುಗಿ ಅಪಶಕುನ ಎಂದು ಅಳುವ ಹಾಗಾಗಬಾರದು, ಮೊದಲೇ ಹೇಳಿಡಿ.

ಜೊತೆಗೆ ಇರುವವಳನ್ನು ಎಲ್ಲರೂ ಮರೆಯುತ್ತಾರೆ! ಅವಳಿಗೊಂದು ಚಾಪೆ, ಹೊದಿಕೆ, ಸೀರೆ, ಅವಳ ಬಿ.ಪಿ. ಮಾತ್ರೆ, ಒಂದು ಡಬ್ಬಿ ಒಗ್ಗರಣೆ ಅವಲಕ್ಕಿ. ನನ್ನ ಅನುಭವದಲ್ಲಿ ಹೆರಿಗೆ ವಾರ್ಡಿನಲ್ಲಿ ಅರ್ಧ ಜಗಳಕ್ಕೆ ಕಾರಣ ಅಮ್ಮಂದಿರ ಹಸಿವು.

ಕೂಸಿಗೆ ಹೊಸದೇನೂ ಬೇಡ. ಹಳೆಯ ಹತ್ತಿ ಸೀರೆ, ಪಂಚೆ ಹರಿದ ಹನ್ನೆರಡು ತುಂಡು, ಚೆನ್ನಾಗಿ ಒಗೆದು ಬಿಸಿಲಲ್ಲಿ ಒಣಗಿಸಿದ್ದು. ಹುಟ್ಟಿದ ಮಗುವಿಗೆ ಮೊದಲು ಹಳೇ ಬಟ್ಟೆ ಎನ್ನುವ ನಮ್ಮ ಪದ್ಧತಿ ಎಷ್ಟು ಒಳ್ಳೆಯದು ನೋಡಿ! ಅಷ್ಟು ಮೆತ್ತಗೆ ಯಾವ ಅಂಗಡಿಯಲ್ಲೂ ಸಿಗದು. ಮೊದಲೇ ಕೊಂಡೆವಲ್ಲ ಎಂಬ ಅಳುಕೂ ಹಿರಿಯರಿಗಿರುವುದಿಲ್ಲ. ಸುತ್ತಲು ಎರಡು ದಪ್ಪ ಬಟ್ಟೆ, ಕಾಲುಚೀಲ, ತಲೆಗೆ ಕುಲಾವಿ. ಕುಲಾವಿ ಶೃಂಗಾರಕ್ಕಲ್ಲ; ಎಳೆಗೂಸಿನ ಮೈ ಬಿಸಿ ತಲೆಯಿಂದಲೇ ಬಹಳ ಹೋಗುತ್ತದೆ. ಅದೇ ಕಾರಣಕ್ಕೆ ಮೊದಲ ದಿನವೇ ಸ್ನಾನ ಬೇಡವೆನ್ನುತ್ತಾರೆ.

ಚೀಲಕ್ಕೆ ಹಾಕಬಾರದ್ದೂ ಇದೆ. ಜೇನುತುಪ್ಪ, ಹರಳೆಣ್ಣೆ, ಬಜೆ, ಹಾಲಿನ ಬಾಟಲಿ, ಕಾಡಿಗೆ ಇವನ್ನೆಲ್ಲ ಮನೆಯಲ್ಲೇ ಬಿಡಿ. ಹುಟ್ಟಿದ ಒಂದು ಗಂಟೆಯೊಳಗೆ ತಾಯಿಯ ಹಾಲು. ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲಬೇಡಿ, ಅದೇ ಕೂಸಿಗೆ ಮೊದಲ ರಕ್ಷೆ. ಆರು ತಿಂಗಳು ಅದರ ಹೊರತು ನೀರೂ ಬೇಡ. ನನ್ನ ಮಗನಿಗೆ ನಾವು ಜೇನುತುಪ್ಪ ನೆಕ್ಕಿಸಿದ್ದೆವು, ನಿಜ. ವರ್ಷ ತುಂಬದ ಮಕ್ಕಳಿಗೆ ಅದು ವಿಷವಾಗಬಹುದೆಂದು ನನಗಾಗ ತಿಳಿದಿರಲಿಲ್ಲ.

ಚೀಲ ಕಟ್ಟಿಯಾದ ಮೇಲೆ ಇನ್ನೂ ಒಂದು ಕೆಲಸವಿದೆ. ಮನೆಯವರನ್ನೆಲ್ಲ ಕೂರಿಸಿ ತಾಯಿ ಕಾರ್ಡನ್ನು ಮೊದಲ ಪುಟದಿಂದ ಗಟ್ಟಿಯಾಗಿ ಓದಿ. ರಕ್ತ ಕಂಡರೆ, ನೀರು ಒಡೆದರೆ, ಕೂಸಿನ ಒದೆತ ಕಡಿಮೆಯಾದರೆ, ತಲೆ ಸಿಡಿದು ಕಣ್ಣು ಮಂಜಾದರೆ ನೋವು ಬರಲೆಂದು ಕಾಯದೆ ಹೊರಡಬೇಕೆಂದು ಎಲ್ಲರಿಗೂ ಗೊತ್ತಿರಲಿ. ನಮ್ಮ ಮನೆಯಲ್ಲಿ ಕಳೆದ ಭಾನುವಾರ ಈ ಪಾರಾಯಣ ಆಯಿತು. ನಮ್ಮವರು ಕನ್ನಡಕ ಏರಿಸಿಕೊಂಡು ಓದಿದರು. ತಮ್ಮ ಊರಿನಿಂದ ಬಂದಿದ್ದ. ರಕ್ತದ ಗುಂಪಿನ ಸಾಲು ಬಂದಾಗ ಅವನು ಎದ್ದು ಹಿತ್ತಲಿಗೆ ಹೋದ. ಅವನಿಗೂ ಆ ಮಳೆ ನೆನಪಾಗಿರಬೇಕು.

ಅಮ್ಮ 2009ರಲ್ಲಿ ಹೋದಳು. ಟ್ರಂಕು ನನಗೆ ಬಂತು. ಹೋದ ವಾರ ಆ ಕುಲಾವಿಯನ್ನು ತೆಗೆದು, ಸೋಪಿನ ನೀರಿನಲ್ಲಿ ನೆನೆಸಿ, ಕುದಿಸಿ, ಬಿಸಿಲಿಗೆ ಹಾಕಿದೆ. ಹಳದಿ ಪೂರ್ತಿ ಹೋಗಲಿಲ್ಲ. ಕೆಂಪು ಹೂವು ಮಾತ್ರ ಹಾಗೇ ಇದೆ. "ಇದು ಯಾರದಮ್ಮಾ?" ಅಂತ ಮಗಳು ಕೇಳಿದಳು. ಎಲ್ಲವನ್ನೂ ಹೇಳಿದೆ. ಬೇಡವೆಂದರೆ ಬಿಟ್ಟುಬಿಡೋಣ ಎಂದೂ ಹೇಳಿದೆ. ಅವಳು ಸ್ವಲ್ಪ ಹೊತ್ತು ಅದನ್ನು ಮುಷ್ಟಿಯ ಮೇಲೆ ತೊಡಿಸಿ ನೋಡಿದಳು. ಆಮೇಲೆ ತಾನೇ ಮಡಿಸಿ ಚೀಲದೊಳಗೆ ಇಟ್ಟಳು.

ಜಿಪ್ಪು ಎಳೆಯುವಾಗ ನನ್ನ ಕೈ ನಡುಗಿತು. ಸುಳ್ಳು ಯಾಕೆ ಹೇಳಲಿ? ಇಷ್ಟೆಲ್ಲ ತಿಳಿದೂ ನಡುಗಿತು. ನಡುಗುವ ಕೈಯಲ್ಲೇ ಎಳೆದು ಮುಚ್ಚಿದೆ.

ಡಾಕ್ಟರು ಕೊಟ್ಟ ದಿನಕ್ಕೆ ಇನ್ನು ಹನ್ನೊಂದು ದಿನ. ಈ ಬರಹ ನಿಮ್ಮ ಕೈಸೇರುವ ಹೊತ್ತಿಗೆ ನಾನು ಬಿಸಿನೀರು ಕಾಯಿಸುತ್ತಲೋ, ಬಾಣಂತಿಗೆ ಮೆಣಸಿನ ಸಾರು ಕುದಿಸುತ್ತಲೋ ಇರುತ್ತೇನೆ. ನಿಮ್ಮ ಮನೆಯಲ್ಲಿ ತುಂಬು ಬಸುರಿ ಇದ್ದರೆ ಪತ್ರಿಕೆಯನ್ನು ಪಕ್ಕಕ್ಕಿಟ್ಟು ಒಂದು ಮಾತು ಕೇಳಿ ಬನ್ನಿ: "ನಿನ್ನ ಕಾರ್ಡು ಎಲ್ಲಿದೆಯಮ್ಮ?"