ರಾಣಿಯ ರಕ್ತ

ಕುದುರೆಯ ರಕ್ತವನ್ನು ಮೊದಲ ಸಲ ನೋಡಿದಾಗ ನಾನು ಅದಕ್ಕೆ ಕಾಮಾಲೆ ಎಂದುಕೊಂಡೆ. ಕೊಳವೆಯನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಚಹಾ ಕುಡಿದು ಬರುವಷ್ಟರಲ್ಲಿ ಕೆಂಪೆಲ್ಲ ತಳಕ್ಕಿಳಿದು ಮೇಲೆ ಅರಿಶಿನದ ನೀರಿನಂಥ ಪ್ಲಾಸ್ಮಾ ನಿಂತಿತ್ತು. ನಮ್ಮ ಎದುರು ಮನೆಯ ನಿವೃತ್ತ ಪಶುವೈದ್ಯರು ನಕ್ಕರು. "ಕುದುರೆದು ಹಂಗೇ ಕಣಮ್ಮ. ಕೆಂಪು ಕಣ ನಾಣ್ಯ ಪೇರಿಸಿದಂಗೆ ಒಂದಕ್ಕೊಂದು ಅಂಟಿಕೊಂಡು ದಡದಡ ಇಳೀತಾವೆ. ಹಳದಿನೂ ಅದರ ಸಹಜ ಬಣ್ಣ."

ದೇವರಾಜ ಅರಸು ಬಡಾವಣೆಯಲ್ಲಿ ನನ್ನ ಮನೆ. ದಾವಣಗೆರೆಯ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಹತ್ತೊಂಬತ್ತು ವರ್ಷದಿಂದ ಟೆಕ್ನಿಶಿಯನ್ ಆಗಿದ್ದೇನೆ. ಆ ರಕ್ತ ರಾಣಿಯದು. ಇಪ್ಪತ್ತು ದಾಟಿದ ಬಿಳಿ ಹೆಣ್ಣು ಕುದುರೆ, ಮದುವೆ ಮೆರವಣಿಗೆಯಲ್ಲಿ ವರನನ್ನು ಹೊರುವುದು ಅದರ ಕೆಲಸ. ಒಡೆಯ ಹಳೆಯ ಜಟಕಾ ಸಾಬರು. ಊರಲ್ಲಿ ಆಟೋ ಹೆಚ್ಚಾದ ಮೇಲೆ ಗಾಡಿ ಮಾರಿ ಮದುವೆಗೆ ಇಳಿದವರು. ನಾವೆಲ್ಲ ಅವರನ್ನು ಚಾಚಾ ಎನ್ನುತ್ತೇವೆ. ರಾಣಿಯ ಮುತ್ತಜ್ಜಿ ಕುಣಿಗಲ್ಲಿನ ಕುದುರೆ ಫಾರಂನವಳು, ಟಿಪ್ಪುವಿನ ದಂಡಿನ ತಳಿ ಎಂದು ಅವರು ಹೇಳುವುದನ್ನು ಯಾರೂ ನಂಬುವುದಿಲ್ಲ, ಯಾರೂ ಅಲ್ಲಗಳೆಯುವುದೂ ಇಲ್ಲ.

ಏಪ್ರಿಲ್ ಬಂದರೂ ರಾಣಿಯ ಚಳಿಗಾಲದ ಕೂದಲು ಉದುರಿರಲಿಲ್ಲ. ಗುಂಗುರಾಗಿ ಕುರಿಯ ಹಾಗೆ ಬೆಳೆದಿತ್ತು. ಬಕೆಟ್‌ಗಟ್ಟಲೆ ನೀರು ಕುಡಿಯುತ್ತಿತ್ತು, ಬೆನ್ನಿನ ಮಾಂಸ ಕರಗಿ ಹೊಟ್ಟೆ ಜೋತಿತ್ತು. ಡಾಕ್ಟರಿಗೆ ಪಿಪಿಐಡಿ ಎಂಬ ಅನುಮಾನ. ಹಿಂದೆ ಇದನ್ನು ಕುದುರೆಗಳ ಕುಶಿಂಗ್ಸ್ ಎನ್ನುತ್ತಿದ್ದರು. ಮುದಿ ಕುದುರೆಗಳ ಮಿದುಳಿನಡಿಯ ಪಿಟ್ಯುಟರಿ ಗ್ರಂಥಿಗೆ ಕಡಿವಾಣ ತಪ್ಪಿ, ಎಸಿಟಿಎಚ್ ಮುಂತಾದ ಹಾರ್ಮೋನು ಮಿತಿಮೀರಿ ಹರಿಯುವ ರೋಗ. ಇದರಲ್ಲಿ ನಿಜವಾಗಿ ಹೆದರಬೇಕಾದ್ದು ಗೊರಸಿನೊಳಗಿನ ಉರಿಯೂತಕ್ಕೆ. ಅದು ಬಂದ ಕುದುರೆಗೆ ನಿಲ್ಲುವುದೇ ಶಿಕ್ಷೆ.

ಮನುಷ್ಯರ ಎಸಿಟಿಎಚ್ ಅಳೆಯುವ ಕೆಲವು ಯಂತ್ರಗಳು ಕುದುರೆಗೂ ಆಗುತ್ತವೆ. ಅದಕ್ಕೇ ಡಾಕ್ಟರು ನನ್ನ ಬಳಿ ಬಂದದ್ದು. ಇಡಿಟಿಎ ಇರುವ ನೇರಳೆ ಮುಚ್ಚಳದ ಕೊಳವೆಗೇ ರಕ್ತ ಹಾಕಿದ್ದೆವು, ಅದು ಸರಿಯಾಗಿಯೇ ಇತ್ತು. ಆಮೇಲಿನದೆಲ್ಲ ನನ್ನ ತಪ್ಪು. ಪ್ಲಾಸ್ಮಾ ತಾನೇ ಬೇರೆಯಾಗಿದೆಯಲ್ಲ, ಮತ್ತೇಕೆ ಸೆಂಟ್ರಿಫ್ಯೂಜ್ ಎಂದುಕೊಂಡೆ. ಬೆಳಿಗ್ಗೆ ತೆಗೆದ ರಕ್ತ ಸಂಜೆಯವರೆಗೆ ಸ್ಟ್ಯಾಂಡಿನಲ್ಲೇ ಇತ್ತು. ರಾತ್ರಿ ಥೈರಾಯ್ಡ್ ಕೊಳವೆಗಳ ಜೊತೆ ಐಸ್ ಇಲ್ಲದ ಚೀಲದಲ್ಲಿ ಬೆಂಗಳೂರಿನ ಬಸ್ಸು ಹತ್ತಿತು. ಥೈರಾಯ್ಡ್ ಹಾರ್ಮೋನು, ಕಾರ್ಟಿಸಾಲ್ ಇವೆಲ್ಲ ಗಟ್ಟಿಗರು, ಒಂದು ರಾತ್ರಿಯ ಪ್ರಯಾಣ ತಡೆದುಕೊಳ್ಳುತ್ತವೆ. ಆ ಅಭ್ಯಾಸವೇ ನನ್ನನ್ನು ಕೆಡಿಸಿತ್ತು.

ಎಸಿಟಿಎಚ್ ಎಂದರೆ 39 ಅಮೈನೋ ಆಮ್ಲಗಳ ಒಂದು ಸಣ್ಣ ಸರಪಳಿ. ಅಳೆಯುವುದು ಪಿಕೋಗ್ರಾಂ ಲೆಕ್ಕದಲ್ಲಿ, ಅಂದರೆ ಗ್ರಾಮಿನ ಲಕ್ಷ ಕೋಟಿಯಲ್ಲೊಂದು ಪಾಲು. ರಕ್ತ ಮೈಬಿಟ್ಟು ಕೊಳವೆಗೆ ಬಂದರೂ ಅದರೊಳಗಿನ ಕಿಣ್ವಗಳು ಸುಮ್ಮನಿರುವುದಿಲ್ಲ, ಸರಪಳಿಯನ್ನು ಕತ್ತರಿಸುತ್ತಲೇ ಇರುತ್ತವೆ. ಇಡಿಟಿಎ ಅವುಗಳ ಕೈಯನ್ನು ಸ್ವಲ್ಪ ಕಟ್ಟುತ್ತದೆ, ತಂಪು ಇನ್ನಷ್ಟು ಕಟ್ಟುತ್ತದೆ. ಸೆಕೆ ಬಿಚ್ಚಿಬಿಡುತ್ತದೆ. ಬಸ್ಸಿನ ಕುಲುಕಾಟಕ್ಕೆ ಕೆಂಪು ಕಣ ಒಡೆದರೆ ಹಾಳಾಗುವುದು ಇನ್ನೂ ಬೇಗ. ಇನ್ಸುಲಿನ್ನಿಗೂ ಇದೇ ಗತಿ, ಅದನ್ನು ತುಂಡರಿಸುವ ಕಿಣ್ವ ಕೆಂಪು ಕಣದ ಹೊಟ್ಟೆಯಲ್ಲೇ ಇದೆ. ಹಾಗೆಂದು ಇಡೀ ರಕ್ತವನ್ನು ಫ್ರೀಜರಿಗಿಟ್ಟರೂ ಕಣಗಳು ಒಡೆಯುತ್ತವೆ. ಮೊದಲು ತಿರುಗಿಸಿ ಪ್ಲಾಸ್ಮಾ ಬೇರ್ಪಡಿಸಬೇಕು, ಆಮೇಲೆ ಹೆಪ್ಪುಗಟ್ಟಿಸಬೇಕು. ತಾನಾಗಿ ತಿಳಿಯಾದ ಪ್ಲಾಸ್ಮಾವನ್ನೂ ನಂಬುವಂತಿಲ್ಲ, ಅದರಲ್ಲಿ ಇನ್ನೂ ಕಣಗಳು ತೇಲುತ್ತಿರುತ್ತವೆ.

ವರದಿ ಬಂತು. 22. ಬದಿಯಲ್ಲಿ ಅಚ್ಚಾಗಿದ್ದ ಮಿತಿ ಮನುಷ್ಯರದು, ಅದರೊಳಗೆ ಅಂಕಿ ಆರಾಮಾಗಿ ಕೂತಿತ್ತು. ಡಾಕ್ಟರು ಹುಬ್ಬು ಗಂಟಿಕ್ಕಿ, "ತಂಪಲ್ಲಿ ಕಳಿಸಿದ್ಯೇನಮ್ಮ?" ಎಂದರು. ನಾನು ಹೂಂ ಎಂದೆ.

ಯಾಕೆ ಹಾಗೆಂದೆ ಎಂದು ಈಗಲೂ ಕೇಳಿಕೊಳ್ಳುತ್ತೇನೆ. ಅಷ್ಟು ವರ್ಷದ ಅನುಭವ ನಾಲಿಗೆಗೆ ಅಡ್ಡ ಬಂತೇನೋ.

ಚಾಚಾ ಒಂದು ಪೊಟ್ಟಣ ಮಂಡಕ್ಕಿ, ಮೆಣಸಿನಕಾಯಿ ತಂದುಕೊಟ್ಟು, "ನಮ್ಮ ಹುಡುಗಿಗೆ ಏನೂ ಇಲ್ವಂತೆ ತಂಗಿ, ವಯಸ್ಸಾಗೇತಿ ಅಷ್ಟೆ" ಎಂದರು. ಬಸವ ಜಯಂತಿಯ ಆಸುಪಾಸು ಮದುವೆಗಳ ಸುಗ್ಗಿ. ರಾಣಿ ಡಾಂಬರಿನ ಮೇಲೆ, ಬ್ಯಾಂಡಿನ ಹಿಂದೆ ಹನ್ನೊಂದು ಮೆರವಣಿಗೆ ನಡೆಯಿತು. ಹನ್ನೆರಡನೆಯದಕ್ಕೆ ಹೊರಡುವ ಸಂಜೆ ಮುಂಗಾಲು ಮುಂದಕ್ಕೆ ಚಾಚಿ, ಭಾರವೆಲ್ಲ ಹಿಂದಕ್ಕೆ ಹಾಕಿ ನಿಂತದ್ದು ಕದಲಲೇ ಇಲ್ಲ. ಗೊರಸು ಮುಟ್ಟಿದರೆ ಕೆಂಡದಂತಿತ್ತು.

ಆ ರಾತ್ರಿ ಡಾಕ್ಟರ ಮನೆಗೆ ಹೋಗಿ ನಿಜ ಹೇಳಿದೆ. ಅವರು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನೋವಿದ್ದಾಗಲೂ ಎಸಿಟಿಎಚ್ ಏರುತ್ತದೆ, ಈಗ ತೆಗೆದರೆ ಉಲ್ಟಾ ಮೋಸವಾದೀತು ಎಂದು ನೋವು ಇಳಿಯುವವರೆಗೆ ಕಾಯಿಸಿದರು.

ಎರಡನೆಯ ಸಲ ಐಸ್‌ಕ್ರೀಂ ಅಂಗಡಿಯಿಂದ ಬೇಡಿ ತಂದ ಥರ್ಮೋಕೋಲ್ ಡಬ್ಬಿಯೊಂದಿಗೆ ನಾನೇ ಲಾಯಕ್ಕೆ ಹೋದೆ. ಐಸಿನ ನಡುವೆ ಕೊಳವೆ, ಸ್ಕೂಟರಿನ ಮೇಲೆ ಕಾಲು ಗಂಟೆ, ಬಂದ ಕೂಡಲೇ ಸೆಂಟ್ರಿಫ್ಯೂಜ್. ಪ್ಲಾಸ್ಮಾವನ್ನು ಪ್ಲಾಸ್ಟಿಕ್ ಕೊಳವೆಗೆ ವರ್ಗಾಯಿಸಿ ಫ್ರೀಜರಿಗಿಟ್ಟೆ. ಬೆಂಗಳೂರಿಗೂ ಡಬ್ಬಿ ಹಿಡಿದು ನಾನೇ ಹೋದೆ, ಸುಮಾರು 260 ಕಿಲೋಮೀಟರ್, ತೊಡೆಯ ಮೇಲಿಟ್ಟುಕೊಂಡು. ಪಕ್ಕದ ಸೀಟಿನವರು ಮೀನೇ ಎಂದು ಕೇಳಿದರು.

96.

ಈ ಅಂಕಿಗೂ ಒಂದು ತಕರಾರಿದೆ. ಕುದುರೆಗಳ ಎಸಿಟಿಎಚ್ ಹಗಲಿನ ಉದ್ದ ನೋಡಿಕೊಂಡು ಏರಿಳಿಯುತ್ತದೆ, ಇಂಗ್ಲೆಂಡಿನಂಥ ಕಡೆ ಆಗಸ್ಟಿನಿಂದ ಅಕ್ಟೋಬರಿಗೆ ಹೆಚ್ಚು. ಅಲ್ಲಿ ಬೇಸಿಗೆ, ಚಳಿಗಾಲದ ಹಗಲುಗಳ ನಡುವೆ ಎಂಟು ಗಂಟೆಗೂ ಹೆಚ್ಚು ಅಂತರ, ನಮ್ಮಲ್ಲಿ ಎರಡು ಗಂಟೆಯೂ ಇಲ್ಲ. ಅಲ್ಲಿಯ ಮಿತಿಗಳನ್ನು ದಾವಣಗೆರೆಯ ಕುದುರೆಗೆ ಹಚ್ಚುವುದು ಎಷ್ಟು ಸರಿ ಎಂದು ಡಾಕ್ಟರು ಬಹಳ ಹೊತ್ತು ಯೋಚಿಸಿದರು. ಕೊನೆಗೆ, "ಕೂದಲು ನೋಡು, ಗೊರಸು ನೋಡು, ಇನ್ನೇನು ಬೇಕು?" ಎಂದು ಚೀಟಿ ಬರೆದರು.

ಚಾಚಾಗೆ ಹೇಳುವ ಕೆಲಸ ನನ್ನದೇ ಆಗಿತ್ತು. ರಕ್ತ ಬಿಸಿಲಿಗೆ ಕೆಟ್ಟಿತ್ತು, ಕೆಡಿಸಿದ್ದು ನಾನು ಎಂದೆ. ಅವರು ರಾಣಿಯ ಕುತ್ತಿಗೆ ಸವರುತ್ತಾ ಸುಮಾರು ಹೊತ್ತು ಸುಮ್ಮನಿದ್ದರು. ಆಮೇಲೆ, "ಹಾಲಾದ್ರೆ ಒಡೆದದ್ದು ಕಾಣ್ತೈತಿ" ಎಂದರು.

ರಾಣಿ ಮತ್ತೆ ಮೆರವಣಿಗೆಗೆ ಹೋಗಲಿಲ್ಲ. ಮನೆ ಪಕ್ಕದ ಖಾಲಿ ಸೈಟಿನಲ್ಲಿ ಮರಳು ಹಾಸಿ ನಿಲ್ಲಿಸಿದ್ದಾರೆ. ಮೊನ್ನೆ ಕುರಿ ಉಣ್ಣೆ ಕತ್ತರಿಸುವವರೊಬ್ಬರನ್ನು ಕರೆಸಿ ಮೈಯ ಕೂದಲು ತೆಗೆಸಿದರು. ಕುದುರೆಗೆ ಕತ್ತರಿ ಹಾಕಿದ್ದು ಇದೇ ಮೊದಲು ಎಂದು ಆತ ಕೂಲಿಗೆ ಐವತ್ತು ರೂಪಾಯಿ ಹೆಚ್ಚಿಗೆ ಕೇಳಿದ.