ಮುರಬ್ಬಾ ಮತ್ತು ತರ್ಬಿಯತ್

ನಮ್ಮ ಕರಾವಳಿಯಲ್ಲಿ ಸೇಬು ಬೆಳೆಯುವುದಿಲ್ಲ. ಮಾವು, ಹಲಸು, ಗೇರುಹಣ್ಣಿನ ಈ ನಾಡಿಗೆ ಅದು ದೂರದ ಅತಿಥಿ. ಅದಕ್ಕೇ ಇರಬೇಕು, ನಮ್ಮಲ್ಲಿ ಸೇಬು ಹೆಚ್ಚಾಗಿ ರೋಗಿಗಳ ಹಣ್ಣಾಗಿಯೇ ಉಳಿದಿದೆ. ಆಸ್ಪತ್ರೆಗೆ ಹೊರಟವರ ಕೈಯಲ್ಲಿ ಒಂದು ಕಿಲೋ ಆಪಲ್ ಇರದಿದ್ದರೆ ಏನೋ ಕೊರತೆ. ರೋಗಿಯನ್ನು ಸಂದರ್ಶಿಸುವುದು ಒಬ್ಬ ಮುಸ್ಲಿಮನ ಮೇಲೆ ಇನ್ನೊಬ್ಬನಿಗಿರುವ ಹಕ್ಕು ಎಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಆ ಹಕ್ಕನ್ನು ಸಲ್ಲಿಸಲು ನಾಲ್ಕು ಮನೆಯವರು ಬಂದರೆ ನಾಲ್ಕು ಕಿಲೋ ಸೇಬು ಮಂಚದ ಕೆಳಗೆ ಸೇರುತ್ತದೆ. ರೋಗಿ ತಿನ್ನುವುದು ಎರಡು ಹೋಳು. ಉಳಿದದ್ದು ಮನೆಗೆ ಬಂದು ಫ್ರಿಜ್‌ನ ಕೆಳಗಿನ ಡಬ್ಬದಲ್ಲಿ ಮಲಗುತ್ತದೆ. ಸಿಪ್ಪೆ ಸುಕ್ಕುಗಟ್ಟಿ, ಒಳಗೆ ಕಂದಾಗಿ, ಒಂದು ದಿನ ಯಾರಿಗೂ ತಿಳಿಯದಂತೆ ಕಸದ ಬುಟ್ಟಿಗೆ ಬೀಳುತ್ತದೆ.

ನಮ್ಮದು ನಾಲ್ವರು ಹೆಂಗಸರಿರುವ ಕೂಡುಕುಟುಂಬ. ಇಲ್ಲಿ ಆ ಸೇಬಿಗೆ ಬೇರೊಂದು ದಾರಿ ತೋರಿಸಿಕೊಟ್ಟವರು ಮನೆಯ ಹಿರಿಯರಾದ ಉಮ್ಮ. ಸುಕ್ಕಾದ ಸೇಬಿನ ಜೊತೆ ಎಳೆ ಶುಂಠಿ ಸೇರಿಸಿ ಮುರಬ್ಬಾ ಮಾಡುವುದು, ಅದರಲ್ಲೇ ಸ್ವಲ್ಪ ತೆಗೆದು ಕೇಕಿಗೆ ಹಾಕುವುದು ಅವರ ರೂಢಿ. ವರ್ಷಕ್ಕೆ ಒಮ್ಮೆ, ಮಳೆ ಹಿಂದೆ ಸರಿಯುವ ಸೆಪ್ಟೆಂಬರ್-ಅಕ್ಟೋಬರ್ ತಿಂಗಳಲ್ಲಿ, ನಾವು ನಾಲ್ವರೂ ಅಡುಗೆಮನೆಯಲ್ಲಿ ಒಂದು ಇಡೀ ದಿನ ಕೂಡುತ್ತೇವೆ.

ಈ ಕಾಲಕ್ಕೆ ಒಂದು ಲೆಕ್ಕವಿದೆ. ಕಾಶ್ಮೀರದ ಹೊಸ ಸೇಬು ಆಗಸ್ಟ್‌ನಿಂದ ಅಕ್ಟೋಬರ್ ತನಕ ಕೊಯ್ಲಾಗಿ ಲಾರಿಗಳಲ್ಲಿ ದಕ್ಷಿಣಕ್ಕೆ ಇಳಿಯುತ್ತದೆ. ನಮ್ಮ ರಾಜ್ಯದ ಶಿವಮೊಗ್ಗ, ಹಾಸನ, ಕೊಡಗು, ಮೈಸೂರು ಕಡೆಗಳಲ್ಲಿ ಮುಂಗಾರಿಗೆ ಮುಂಚೆ ನೆಟ್ಟ ಶುಂಠಿಗೆ ಆಗ ಐದಾರು ತಿಂಗಳು. ಎಂಟು-ಒಂಬತ್ತು ತಿಂಗಳು ಬಲಿತ ಶುಂಠಿ ಒಣಶುಂಠಿಗೆ ಒಳ್ಳೆಯದು, ಆದರೆ ಅದರಲ್ಲಿ ನಾರು ಹೆಚ್ಚು. ಮುರಬ್ಬಾಕ್ಕೆ, ಉಪ್ಪಿನಕಾಯಿಗೆ ಬೇಕಾದದ್ದು ನಾರು ಬಿಡುವ ಮೊದಲಿನ ಎಳೆ ಗಡ್ಡೆ. ಅದರ ಸಿಪ್ಪೆ ಚಮಚದ ಅಂಚಿನಿಂದ ಕೆರೆದರೂ ಬಿಟ್ಟುಬರುತ್ತದೆ. ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದ ಎರಡು ಬೆಳೆಗಳು ನಮ್ಮ ಊರಿನ ಸಂತೆಯಲ್ಲಿ ಒಂದೇ ವಾರ ಅಕ್ಕಪಕ್ಕ ಕೂರುತ್ತವೆ.

ಶುಂಠಿಗೂ ಈ ಕಡಲತೀರಕ್ಕೂ ಇರುವ ನಂಟು ಬಹಳ ಹಳೆಯದು. ತಮಿಳು, ಮಲಯಾಳಗಳಲ್ಲಿ ಅದು ಇಂಜಿ. ಅರಬಿಯ ಝಂಜಬೀಲ್, ಇಂಗ್ಲಿಷಿನ ಜಿಂಜರ್ ಎರಡರ ಬೇರನ್ನೂ ಭಾಷಾತಜ್ಞರು ಈ ದ್ರಾವಿಡ ಪದದವರೆಗೆ ಹಿಂಬಾಲಿಸುತ್ತಾರೆ. 1340ರ ದಶಕದಲ್ಲಿ ಈ ತೀರಕ್ಕೆ ಬಂದ ಪ್ರವಾಸಿ ಇಬ್ನ್ ಬತೂತ, ಮಂಗಳೂರಿನಲ್ಲಿ ಪರ್ಷಿಯಾ ಮತ್ತು ಯಮನ್ ದೇಶಗಳ ವರ್ತಕರು ಬಂದಿಳಿಯುತ್ತಾರೆಂದೂ ಇಲ್ಲಿ ಕರಿಮೆಣಸು, ಶುಂಠಿ ಧಾರಾಳವಾಗಿದೆಯೆಂದೂ ಬರೆದಿದ್ದಾನೆ. ಹೊನ್ನಾವರದ ಸುಲ್ತಾನನ ಮನೆಯ ಊಟವನ್ನು ಬಣ್ಣಿಸುವಾಗ ಅನ್ನ, ತುಪ್ಪದ ಜೊತೆಗೆ ಬಡಿಸಿದ ಮೆಣಸು, ಹಸಿಶುಂಠಿ, ಲಿಂಬೆ, ಮಾವಿನ ಉಪ್ಪಿನಕಾಯಿಗಳನ್ನು ಮರೆಯದೆ ಹೆಸರಿಸಿದ್ದಾನೆ. ಅಂದರೆ ಶುಂಠಿಯನ್ನು ಕಾಪಿಡುವ ಕಲೆ ನಮ್ಮ ಕರಾವಳಿಯ ಅಡುಗೆಮನೆಗಳಿಗೆ ನಿನ್ನೆ ಮೊನ್ನೆ ಬಂದದ್ದಲ್ಲ.

ಸೇಬಿನ ಕಥೆ ಬೇರೆ. ಕಾಶ್ಮೀರದ ಅಂಬ್ರಿ ತಳಿ ಹಳೆಯದಾದರೂ, ಇಂದು ನಾವು ಸೇಬು ಎಂದೊಡನೆ ಕಣ್ಣಿಗೆ ತಂದುಕೊಳ್ಳುವ ಕಡುಗೆಂಪು ಹಣ್ಣು ಅಮೆರಿಕದ ರೆಡ್ ಡೆಲಿಶಿಯಸ್. ಸ್ಯಾಮ್ಯುಯೆಲ್ ಸ್ಟೋಕ್ಸ್ ಎಂಬವರು 1916ರಲ್ಲಿ ಅದರ ಸಸಿಗಳನ್ನು ತಂದು ಹಿಮಾಚಲದ ಕೋಟ್‌ಗಢ ಪ್ರದೇಶದಲ್ಲಿ ನೆಟ್ಟರು. ಅಲ್ಲಿಂದ ಗುಡ್ಡಗಾಡಿನ ಬದುಕೇ ಬದಲಾಯಿತು. ಇಂದು ಆ ಗುಡ್ಡಗಳಲ್ಲಿ ಮತ್ತು ಕಾಶ್ಮೀರದ ಕಣಿವೆಯಲ್ಲಿ ಲಕ್ಷಾಂತರ ಕುಟುಂಬಗಳ ವರ್ಷದ ಗಂಜಿ ಈ ಒಂದು ಹಣ್ಣಿನ ಮೇಲೆ ನಿಂತಿದೆ.

ಆ ಗಂಜಿ ಎಷ್ಟು ತೆಳುವಾದ ನೂಲಿನ ಮೇಲೆ ತೂಗುತ್ತಿದೆ ಎಂಬುದು 2025ರ ಮಳೆಗಾಲದ ಕೊನೆಯಲ್ಲಿ ಎಲ್ಲರಿಗೂ ಕಾಣಿಸಿತು. ಆಗಸ್ಟ್ ಕೊನೆಯ ಮಳೆ ಮತ್ತು ಭೂಕುಸಿತದಿಂದ ಜಮ್ಮು-ಶ್ರೀನಗರ ಹೆದ್ದಾರಿ ಮುಚ್ಚಿತು. ಕೊಯ್ಲಿನ ನಡುವೆಯೇ ಸೇಬು ತುಂಬಿದ ಸಾವಿರಾರು ಲಾರಿಗಳು ದಾರಿಯಲ್ಲೇ ನಿಂತವು. ಹಣ್ಣು ಪೆಟ್ಟಿಗೆಯೊಳಗೇ ಕೊಳೆಯಿತು. ಸೆಪ್ಟೆಂಬರ್‌ನಲ್ಲಿ ಬಡ್‌ಗಾಮ್‌ನಿಂದ ದೆಹಲಿಗೆ ರೈಲಿನಲ್ಲಿ ಸೇಬು ಸಾಗಿಸುವ ಏರ್ಪಾಡು ಆಯಿತಾದರೂ ಬಹಳ ಮಂದಿ ಬೆಳೆಗಾರರ ಪಾಲಿಗೆ ತಡವಾಗಿತ್ತು. ಆ ದಿನಗಳಲ್ಲಿ ನಮ್ಮ ಬೀದಿಯ ಹಣ್ಣಿನ ಅಂಗಡಿಗೆ ಬಂದ ಪೆಟ್ಟಿಗೆಗಳಲ್ಲೂ ಜಜ್ಜಿದ ಹಣ್ಣುಗಳೇ ಹೆಚ್ಚು. ಅಂಗಡಿಯವರು ಅವನ್ನು ಬೇರೆ ಬುಟ್ಟಿಗೆ ಹಾಕಿ ಹಾಗೇ ನೋಡುತ್ತ ಕುಳಿತಿದ್ದರು. ಉಮ್ಮ ಹೋಗಿ ಒಂದು ಪೆಟ್ಟಿಗೆ ಕೊಂಡರು. ಅಂಗಡಿಯವರು ಹಣ ಬೇಡವೆಂದರೂ ಒಪ್ಪದೆ, "ಬೆಳೆದವನಿಗೆ ನಷ್ಟವಾಗಿದೆ, ನಿಮಗೂ ಆಗುವುದು ಬೇಡ" ಎಂದು ಕೊಟ್ಟೇ ಬಂದರು.

ಶುಂಠಿ ಬೆಳೆಗಾರನ ಪಾಡೂ ಹೀಗೆಯೇ. 2023ರಲ್ಲಿ ಬೆಲೆ ಗಗನಕ್ಕೇರಿ, ಕಳ್ಳರ ಭಯಕ್ಕೆ ಹೊಲದಲ್ಲಿ ರಾತ್ರಿ ಕಾವಲು ಕೂರುವಂತಾಯಿತು. ಅದನ್ನು ನೋಡಿ ಸಾಲ ಮಾಡಿ ನೆಟ್ಟವರಿಗೆ ಮುಂದಿನ ಸುಗ್ಗಿಗಳಲ್ಲಿ ಬೆಲೆ ಕುಸಿದು ಕಣ್ಣೀರು. ಜೊತೆಗೆ ಗಡ್ಡೆ ಕೊಳೆಯುವ ರೋಗ. ಹಣ್ಣು ಮಾರುವವನ ಬದುಕೂ ಹಗುರವಲ್ಲ. 2022ರ ಏಪ್ರಿಲ್‌ನಲ್ಲಿ ಧಾರವಾಡದ ನುಗ್ಗೀಕೇರಿಯಲ್ಲಿ ಒಬ್ಬ ಬಡ ವ್ಯಾಪಾರಿಯ ಕಲ್ಲಂಗಡಿಗಳನ್ನು ರಸ್ತೆಗೆ ಎಸೆದು ಒಡೆದದ್ದನ್ನು ನಾಡು ಮರೆತಿಲ್ಲ. ಒಂದು ಹಣ್ಣು ನಮ್ಮ ತಟ್ಟೆಗೆ ಬರುವಾಗ ಇಷ್ಟೆಲ್ಲ ಜನರ ಬೆವರು, ಭಯ, ಲೆಕ್ಕಾಚಾರ ಅದರ ಹಿಂದೆ ಇರುತ್ತದೆ. ಅದನ್ನು ಫ್ರಿಜ್‌ನಲ್ಲಿ ಕೊಳೆಯಲು ಬಿಡುವುದು ಕೇವಲ ನಮ್ಮ ಹಣದ ನಷ್ಟವೇ? ತಿನ್ನಿರಿ, ಕುಡಿಯಿರಿ, ಆದರೆ ದುಂದು ಮಾಡಬೇಡಿ ಎಂದು ಕುರ್‌ಆನ್ ಹೇಳುತ್ತದೆ. ಕೆಳಗೆ ಬಿದ್ದ ತುತ್ತನ್ನೂ ಒರೆಸಿ ತಿನ್ನಲು ಪ್ರವಾದಿ(ಸ) ಕಲಿಸಿದರು. ಮದುವೆ ಮನೆಯ ಬಿರಿಯಾನಿ ಚೆಲ್ಲುವುದನ್ನು ಕಂಡು ದುಂದಿನ ಬಗ್ಗೆ ಉಪದೇಶ ಮಾಡುವ ನಾವು, ನಮ್ಮದೇ ಫ್ರಿಜ್‌ನ ಕೆಳಗಿನ ಡಬ್ಬವನ್ನು ಎಷ್ಟು ಸಲ ತೆರೆದು ನೋಡುತ್ತೇವೆ?

ಇನ್ನು ಮಾಡುವ ಕ್ರಮಕ್ಕೆ ಬರೋಣ. ಕೊಳೆತ, ಬೂಸಲು ಹಿಡಿದ ಹಣ್ಣನ್ನು ನಾವು ಮುಟ್ಟುವುದಿಲ್ಲ. ಸುಕ್ಕಾದದ್ದು, ಸ್ವಲ್ಪ ಜಜ್ಜಿದ್ದು ಮಾತ್ರ. ಜಜ್ಜಿದ ಭಾಗ ಕೆತ್ತಿ, ಬೀಜ ತೆಗೆದು, ಹೋಳುಗಳನ್ನು ಉಪ್ಪು ಬೆರೆಸಿದ ನೀರಿಗೆ ಹಾಕುತ್ತೇವೆ, ಇಲ್ಲದಿದ್ದರೆ ಗಾಳಿ ತಗುಲಿ ಕಂದಾಗುತ್ತವೆ. ಒಂದು ಕಿಲೋ ಹೋಳಿಗೆ ಮುಕ್ಕಾಲು ಕಿಲೋ ಸಕ್ಕರೆ, 100 ಗ್ರಾಂ ಎಳೆ ಶುಂಠಿ, ಎರಡು ಲಿಂಬೆ, ಒಂದು ತುಂಡು ದಾಲ್ಚಿನ್ನಿ. ತೆಳ್ಳಗೆ ಹೆಚ್ಚಿದ ಶುಂಠಿಯನ್ನು ಮೊದಲು ನೀರಿನಲ್ಲಿ ಮೆತ್ತಗಾಗುವ ತನಕ ಬೇಯಿಸಬೇಕು. ಸಕ್ಕರೆ ಪಾಕಕ್ಕೆ ಬಿದ್ದ ಮೇಲೆ ಅದು ಮತ್ತೆ ಮೆತ್ತಗಾಗುವುದಿಲ್ಲ. ಸೇಬಿನ ಹೋಳಿಗೆ ಸಕ್ಕರೆ ಸವರಿ ರಾತ್ರಿಯಿಡೀ ಇಟ್ಟರೆ ಅದು ತನ್ನದೇ ನೀರು ಬಿಡುತ್ತದೆ. ಬೆಳಿಗ್ಗೆ ಎಲ್ಲವನ್ನೂ ಕೂಡಿಸಿ ಸಣ್ಣ ಉರಿಯಲ್ಲಿ ಕುದಿಸುವುದು. ಸಿಪ್ಪೆಯನ್ನು ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ ಅದರಲ್ಲೇ ಇಳಿಬಿಡುತ್ತೇವೆ. ಪಾಕವನ್ನು ಗಟ್ಟಿ ಮಾಡುವ ಪೆಕ್ಟಿನ್ ಸಿಪ್ಪೆಯಲ್ಲಿ ಹೆಚ್ಚು. ಲಿಂಬೆಯ ಹುಳಿ ಇಲ್ಲದೆ ಅದು ಕೆಲಸ ಮಾಡುವುದಿಲ್ಲ.

ಸಕ್ಕರೆ ಇಲ್ಲಿ ರುಚಿಗಾಗಿ ಮಾತ್ರ ಇರುವುದಲ್ಲ. ಅದು ಹಣ್ಣಿನ ನೀರನ್ನು ತನ್ನ ಹಿಡಿತದಲ್ಲಿ ಇಟ್ಟುಕೊಳ್ಳುವುದರಿಂದ ಬೂಸಲು, ಹುದುಗುಗಳಿಗೆ ಬದುಕಲು ನೀರು ಸಿಗುವುದಿಲ್ಲ. ಕಾಪಿಡುವುದರ ಗುಟ್ಟು ಇಷ್ಟೇ. ಸಕ್ಕರೆ ಕಡಿಮೆ ಮಾಡಿದರೆ ಫ್ರಿಜ್‌ನಲ್ಲಿಟ್ಟು ಎರಡು ಮೂರು ವಾರದಲ್ಲಿ ಮುಗಿಸಬೇಕು. ಬಾಟಲಿಯನ್ನು ಕುದಿಯುವ ನೀರಿನಲ್ಲಿ ಅದ್ದಿ ಪೂರ್ತಿ ಒಣಗಿಸಬೇಕು, ಒದ್ದೆ ಚಮಚ ತಾಗಿಸಲೇಬಾರದು.

ಕೇಕಿಗೆ ಈಗ ಕರೆಂಟಿನ ಓವನ್ ಇದೆ. ಮೊದಲು ದಪ್ಪ ತಳದ ಪಾತ್ರೆಯಲ್ಲಿ ಮರಳು ಹಾಸಿ, ಅದರ ಮೇಲೆ ಕೇಕಿನ ತಟ್ಟೆ ಇಟ್ಟು, ಮುಚ್ಚಳದ ಮೇಲೂ ಕೆಂಡ ಸುರಿಯುತ್ತಿದ್ದರು. ಸೇಬು ನೀರು ಬಿಟ್ಟು ಕೇಕ್ ಹಸಿಯಾಗದಂತೆ ಹೋಳುಗಳನ್ನು ಬೆಣ್ಣೆಯಲ್ಲಿ ಸ್ವಲ್ಪ ಬಾಡಿಸುತ್ತೇವೆ. ಮುರಬ್ಬಾದ ಶುಂಠಿ ಚೂರುಗಳನ್ನು ಮೈದಾದಲ್ಲಿ ಹೊರಳಿಸುತ್ತೇವೆ, ಇಲ್ಲದಿದ್ದರೆ ಅವೆಲ್ಲ ತಳ ಸೇರುತ್ತವೆ. ಜೊತೆಗೆ ಒಂದು ಚಮಚ ಒಣಶುಂಠಿ ಪುಡಿ. ಹಸಿಶುಂಠಿಯ ಖಾರ ಬೇಯುವಾಗ ಮೆತ್ತಗಾಗುತ್ತದೆ. ಒಣಗಿದಾಗ ಅದರ ಸತ್ವ ಬದಲಾಗಿ ಇನ್ನಷ್ಟು ತೀಕ್ಷ್ಣವಾಗುತ್ತದೆ. ಎರಡೂ ಸೇರಿದರೆ ಮಾತ್ರ ಬಾಯಲ್ಲಿ ಒಂದು ಖಾರ, ಗಂಟಲಲ್ಲಿ ಇನ್ನೊಂದು.

ಇಷ್ಟೆಲ್ಲ ಸಿಹಿಯ ನಡುವೆ ನಮ್ಮ ಮನೆಯ ಕಹಿಯನ್ನೂ ಹೇಳಬೇಕು. ಇದನ್ನೆಲ್ಲ ಕಲಿಸಿದ ಉಮ್ಮನಿಗೆ ಸಕ್ಕರೆ ಕಾಯಿಲೆ. ಭಾರತದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಈ ಕಾಯಿಲೆ ಇದೆ ಎಂದು 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನ ಅಂದಾಜಿಸಿತು. ನಮ್ಮ ಸಮುದಾಯದ ಮನೆಗಳಲ್ಲಿ ಇನ್ಸುಲಿನ್ ಸಿರಿಂಜು ಈಗ ಅಪರೂಪದ ವಸ್ತುವಲ್ಲ. ಹಳೆಯ ಅಡುಗೆಯೆಲ್ಲ ಒಳ್ಳೆಯದು, ಹೊಸದೆಲ್ಲ ಕೆಟ್ಟದ್ದು ಎಂದು ಹೇಳಿಬಿಡುವುದು ಸುಲಭ. ಆದರೆ ಭರಣಿಯ ಮುಂದೆ ಕುಳಿತವರಿಗೆ ಅದರೊಳಗಿನ ಸಕ್ಕರೆ ಕಾಣುತ್ತದೆ. ಆದ್ದರಿಂದ ನಾವು ಮುರಬ್ಬಾವನ್ನು ಊಟದಂತೆ ತಿನ್ನುವುದಿಲ್ಲ, ಮಕ್ಕಳಿಗೆ ದಿನವೂ ರೊಟ್ಟಿಗೆ ಸವರಿ ಕೊಡುವುದಿಲ್ಲ. ಎರಡು ಸಣ್ಣ ಬಾಟಲಿ ಮನೆಗೆ, ಉಳಿದವು ಹಂಚಲು. ಉಮ್ಮ ರುಚಿ ನೋಡುವುದನ್ನು ಬಿಟ್ಟು ಹತ್ತು ವರ್ಷ ಕಳೆದಿದೆ. ಆದರೂ ಪಾಕ ಇಳಿಸುವ ಹೊತ್ತು ಹೇಳುವವರು ಅವರೇ. ಒಂದು ಹನಿಯನ್ನು ತಟ್ಟೆಗೆ ಹಾಕಿ, ಆರಿದ ಮೇಲೆ ಹೆಬ್ಬೆರಳು ತೋರುಬೆರಳಿನ ನಡುವೆ ಎಳೆದು ನೋಡುತ್ತಾರೆ. ನೂಲು ಕಡಿಯದೆ ನಿಂತರೆ, "ಸಾಕು, ಇಳಿಸಿ" ಎನ್ನುತ್ತಾರೆ. ಆಮೇಲೆ ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತಾರೆ, ನೆಕ್ಕುವುದಿಲ್ಲ.

ಮುರಬ್ಬಾ ಎಂಬ ಪದ ಅರಬಿಯದ್ದು. ಮಗುವನ್ನು ಪೋಷಿಸಿ ಬೆಳೆಸುವುದು ಎಂಬ ಅರ್ಥದ ಕ್ರಿಯಾಪದದಿಂದಲೇ ಅದು ಬಂದಿದೆ. ನಾವು ದಿನವೂ ಬಳಸುವ ತರ್ಬಿಯತ್ ಎಂಬ ಮಾತೂ ಅದರದೇ ಕುಡಿ. ಹಣ್ಣನ್ನು ಪಾಕದಲ್ಲಿ ಕಾಪಿಡುವುದಕ್ಕೂ ಮಗುವನ್ನು ತಿದ್ದಿ ಬೆಳೆಸುವುದಕ್ಕೂ ಅರಬರು ಒಂದೇ ಮಾತನ್ನು ಆರಿಸಿಕೊಂಡರು. ಅಡುಗೆಮನೆಯಲ್ಲಿ ನಿಂತವರಿಗೆ ಇದರ ಔಚಿತ್ಯ ಬೇಗ ತಿಳಿಯುತ್ತದೆ. ಉರಿ ಜೋರು ಮಾಡಿದರೆ ಹೊರಗೆ ಸುಟ್ಟು ಒಳಗೆ ಹಸಿ. ಸಕ್ಕರೆ ಮೊದಲೇ ಸುರಿದರೆ ಶುಂಠಿ ಗಟ್ಟಿಯಾಗಿಯೇ ಉಳಿಯುತ್ತದೆ, ಹುಳಿ ಬೀಳದಿದ್ದರೆ ಪಾಕ ನಿಲ್ಲುವುದಿಲ್ಲ. ಜಜ್ಜಿದ ಹಣ್ಣನ್ನು ಎಸೆಯದೆ, ಜಜ್ಜಿದ ಭಾಗವನ್ನಷ್ಟೇ ತೆಗೆದು ಉಳಿದದ್ದನ್ನು ಉಳಿಸಿಕೊಳ್ಳುವ ತಾಳ್ಮೆಯೂ ಬೇಕು. ಪರೀಕ್ಷೆಯಲ್ಲಿ ಎರಡು ವಿಷಯದಲ್ಲಿ ಫೇಲಾದ ಹುಡುಗನನ್ನು "ಇವನಿಂದ ಏನೂ ಆಗದು" ಎನ್ನುವ ಮನೆಗಳಲ್ಲಿ ಈ ತಾಳ್ಮೆ ಎಷ್ಟು ಉಳಿದಿದೆ?

ಕುರ್‌ಆನಿನಲ್ಲಿ ಶುಂಠಿಯ ಹೆಸರು ಒಂದೇ ಕಡೆ ಬರುತ್ತದೆ, 76ನೇ ಅಧ್ಯಾಯ ಅಲ್ ಇನ್ಸಾನ್‌ನಲ್ಲಿ. ಸ್ವರ್ಗವಾಸಿಗಳಿಗೆ ಶುಂಠಿ ಬೆರೆಸಿದ ಪಾನೀಯ ಕುಡಿಸಲಾಗುವುದು ಎಂದು 17ನೇ ಸೂಕ್ತ ಹೇಳುತ್ತದೆ. ಆ ಪಾನೀಯ ಯಾರಿಗೆ ಎಂಬುದು ಸ್ವಲ್ಪ ಮೇಲೆಯೇ ಇದೆ. ಬಡವರಿಗೆ, ಅನಾಥರಿಗೆ, ಸೆರೆಯಾಳುಗಳಿಗೆ ಉಣಿಸಿ, ಪ್ರತಿಫಲವನ್ನಾಗಲೀ ಕೃತಜ್ಞತೆಯನ್ನಾಗಲೀ ಬಯಸದವರಿಗೆ. ಉಮ್ಮ ಭರಣಿ ತುಂಬಿಸುವಾಗ ಈ ಸೂಕ್ತಗಳನ್ನು ಓದುವುದುಂಟು.

ಹಂಚುವ ಬಾಟಲಿಗಳಲ್ಲಿ ಒಂದು ಹಣ್ಣಿನ ಅಂಗಡಿಯವರಿಗೆ, ಒಂದು ಗಂಡನಿಲ್ಲದೆ ಮೂವರು ಮಕ್ಕಳನ್ನು ಸಾಕುತ್ತಿರುವ ಹಿಂದಿನ ಬೀದಿಯ ಹೆಂಗಸಿಗೆ, ಒಂದು ಪಕ್ಕದ ಮನೆಯ ಬಾಯಿಗೆ ಹೋಗುತ್ತದೆ. ಬಾಯಿ ಆ ಶುಂಠಿಯನ್ನು ಡಿಸೆಂಬರ್ ತನಕ ಜೋಪಾನ ಮಾಡಿ ತಮ್ಮ ಕ್ರಿಸ್‌ಮಸ್ ಕೇಕಿಗೆ ಸೇರಿಸುತ್ತಾರೆ. ನಮಗೆಂದು ರಮ್ ಹಾಕದ ಒಂದು ಕೇಕನ್ನು ಬೇರೆಯೇ ತಟ್ಟೆಯಲ್ಲಿ ಬೇಯಿಸುತ್ತಾರೆ. ನಮ್ಮ ಬಾಟಲಿ ಎಂದೂ ಬರಿದಾಗಿ ಹಿಂದಿರುಗಿದ್ದಿಲ್ಲ, ಕುಸ್ವಾರಿನ ಕಲ್‌ಕಲ್ ತುಂಬಿಕೊಂಡೇ ಬರುತ್ತದೆ. ಅದನ್ನು ತೊಳೆದು ಒಣಗಿಸಿ ನಾವು ಮೇಲಿನ ಹಲಗೆಯಲ್ಲಿಡುತ್ತೇವೆ. ಸೆಪ್ಟೆಂಬರ್‌ಗೆ ಮತ್ತೆ ಬೇಕಲ್ಲ.